ನೆರಳಿನ ತುದಿಯಿಂದ ಒಂದು ಗೆರೆ ಎಳೆದು ನೋಡಿ

ಫೋಟೋ ಅಸಲಿಯೋ ತಿದ್ದಿದ್ದೋ ಎಂದು ಪರೀಕ್ಷಿಸುವುದು ನನ್ನ ಕೆಲಸ. ಫೋಟೋ ಹಿಡಿದು ಬರುವವರೆಲ್ಲ ಕೇಳುವುದು ಒಂದೇ ಮಾತು: "ಸರ್, ಇದು ಎಡಿಟ್ ಮಾಡಿದ್ದಾ?" ನಾನು ಕೇಳುವುದೂ ಒಂದೇ: "ಒರಿಜಿನಲ್ ಫೈಲ್ ಇದೆಯಾ?" ಹೆಚ್ಚಿನ ಸಲ ಇರುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ನಾಲ್ಕಾರು ಕೈ ದಾಟಿ ಬಂದ ಪ್ರತಿಯೋ, ಸ್ಕ್ರೀನ್‌ಶಾಟೋ ಇರುತ್ತದೆ.

ಅಂಥ ಪ್ರತಿಯಲ್ಲಿ ನಮಗೆ ಬೇಕಾದದ್ದೇ ಕಳೆದುಹೋಗಿರುತ್ತದೆ. ಯಾವ ಕ್ಯಾಮೆರಾ, ಎಷ್ಟು ಹೊತ್ತಿಗೆ ತೆಗೆದದ್ದು ಎಂದು ಹೇಳುವ ಎಕ್ಸಿಫ್ ಮಾಹಿತಿ ಮೊದಲು ಹೋಗುತ್ತದೆ. ಆಮೇಲೆ ಚಿತ್ರವೂ ಕುಗ್ಗುತ್ತದೆ. ಜೆಪೆಗ್ ಎಂಬುದು ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು, ಕಣ್ಣಿಗೆ ಅಷ್ಟಾಗಿ ಬೀಳದ ವಿವರಗಳನ್ನು ಬಿಟ್ಟು ಉಳಿಸುವ ವಿಧಾನ. ಮತ್ತೆ ಮತ್ತೆ ಕುಗ್ಗಿಸಿದಷ್ಟೂ ತಿದ್ದಿದವರ ಗುರುತು ಅಳಿಯುತ್ತಾ ಹೋಗುತ್ತದೆ. ಆದ್ದರಿಂದ ಅನುಮಾನ ಬಂದ ಕೂಡಲೇ, ಫೋಟೋ ತೆಗೆದವರಿಂದಲೇ ಫೈಲನ್ನು ಕುಗ್ಗದಂತೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ತಡ ಮಾಡಿದರೆ ಅವರ ಫೋನಿನಿಂದಲೂ ಅಳಿಸಿ ಹೋಗಿರುತ್ತದೆ.

ಒರಿಜಿನಲ್ ಸಿಗಲೇ ಇಲ್ಲ ಅಂದರೆ? ಆಗ ನಾನು ನೆರಳನ್ನು ನೋಡುತ್ತೇನೆ. ಎಷ್ಟು ಕುಗ್ಗಿಸಿದರೂ ನೆರಳು ಇದ್ದ ಜಾಗದಲ್ಲೇ ಇರುತ್ತದೆ ಅಲ್ವಾ?

ನೆರಳಿನಲ್ಲಿ ಚೆನ್ನಾಗಿ ಗುರುತು ಸಿಗುವ ಒಂದು ಬಿಂದು ಆರಿಸಿ. ಕಂಬದ ನೆರಳಿನ ತುದಿ ಎನ್ನಿ. ಅಲ್ಲಿಂದ ಕಂಬದ ತುದಿಗೆ ಒಂದು ನೇರ ಗೆರೆ ಎಳೆದು, ಚಿತ್ರದ ಆಚೆಗೂ ಮುಂದುವರಿಸಿ. ಪಕ್ಕದಲ್ಲಿ ನಿಂತವರ ತಲೆಗೂ ಅವರ ತಲೆಯ ನೆರಳಿಗೂ ಇನ್ನೊಂದು ಗೆರೆ. ಹೀಗೆ ನಾಲ್ಕೈದು ಗೆರೆ ಎಳೆಯಿರಿ. ಬೆಳಕು ಒಂದೇ ಆಗಿದ್ದರೆ ಎಲ್ಲವೂ ಒಂದೇ ಬಿಂದುವಿನಲ್ಲಿ ಸೇರಬೇಕು. ಸೂರ್ಯ ಫೋಟೋ ತೆಗೆದವರ ಬೆನ್ನ ಹಿಂದಿದ್ದರೆ ಆ ಬಿಂದು ಚಿತ್ರದ ಕೆಳಗಡೆ, ನೆರಳು ಬಿದ್ದ ಕಡೆಗೆ ಸಿಗುತ್ತದೆ. ಒಬ್ಬರ ಗೆರೆ ಮಾತ್ರ ಬೇರೆಲ್ಲಿಗೋ ಹೋದರೆ ಅವರನ್ನು ಬೇರೆ ಚಿತ್ರದಿಂದ ತಂದು ಅಂಟಿಸಿರಬಹುದು. ಬರಿಗಣ್ಣನ್ನು ಮಾತ್ರ ನಂಬಬೇಡಿ. ಏರುತಗ್ಗಿನ ನೆಲದ ಮೇಲೆ ಎರಡು ನೆರಳು ಎರಡು ದಿಕ್ಕಿಗೆ ಹೋದಂತೆ ಕಾಣುವುದು ಸಹಜ. 1969ರ ಚಂದ್ರನ ಮೇಲಿನ ಫೋಟೋಗಳನ್ನು ಎಷ್ಟೋ ಜನ ಸುಳ್ಳು ಅಂದದ್ದು ಇದೇ ಕಾರಣಕ್ಕೆ.

ನಕಲು ಮಾಡಿ ಅಂಟಿಸಿದ್ದನ್ನು ಹಿಡಿಯುವುದು ಇದಕ್ಕಿಂತ ಸುಲಭ. 2008ರ ಜುಲೈನಲ್ಲಿ ಇರಾನ್ ಬಿಡುಗಡೆ ಮಾಡಿದ ಒಂದು ಫೋಟೋದಲ್ಲಿ ನಾಲ್ಕು ಕ್ಷಿಪಣಿಗಳು ಒಟ್ಟಿಗೆ ಹಾರುತ್ತಿದ್ದವು. ಒಂದರ ಹೊಗೆ, ದೂಳು ಪಕ್ಕದವುಗಳ ಪಡಿಯಚ್ಚು. ಹೊಗೆ ಎಂದೂ ಎರಡು ಸಲ ಒಂದೇ ಆಕಾರ ತಳೆಯುವುದಿಲ್ಲ. ಹುಲ್ಲು, ಮೋಡ, ಜನಸಂದಣಿಯಲ್ಲೂ ಇದನ್ನೇ ಹುಡುಕಿ.

ನನಗೆ ಜಾಸ್ತಿ ಚಿಂತೆ ಇರುವುದು ಇದರ ಉಲ್ಟಾ ತಪ್ಪಿನ ಬಗ್ಗೆ. ಅಂದರೆ, ನಿಜವಾದ ಫೋಟೋವನ್ನು ಸುಳ್ಳು ಎನ್ನುವುದು. ಚಿತ್ರವನ್ನು ಇನ್ನೊಮ್ಮೆ ಕುಗ್ಗಿಸಿ ಎಲ್ಲೆಲ್ಲಿ ಎಷ್ಟು ಬದಲಾಯಿತು ಎಂದು ತೋರಿಸುವ ಎರರ್ ಲೆವೆಲ್ ಅನಾಲಿಸಿಸ್ ಎಂಬ ಪರೀಕ್ಷೆ ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಫೋಟೋ ಹಾಕಿದರೆ ಕಪ್ಪು ಪರದೆಯ ಮೇಲೆ ಕೆಲವು ಜಾಗ ಹೊಳೆಯುತ್ತವೆ. "ನೋಡಿ, ಇಲ್ಲೇ ತಿದ್ದಿದ್ದಾರೆ" ಎಂದು ಸುಮ್ನೆ ಹಂಚಿಬಿಡುತ್ತಾರೆ. ಆದರೆ ಯಾರೂ ಮುಟ್ಟದ ಫೋಟೋದಲ್ಲೂ ಅಕ್ಷರ, ಅಂಚು, ಬಟ್ಟೆಯ ನೇಯ್ಗೆ ಹಾಗೇ ಹೊಳೆಯುತ್ತವೆ. 2013ರಲ್ಲಿ ವರ್ಲ್ಡ್ ಪ್ರೆಸ್ ಫೋಟೋ ಪ್ರಶಸ್ತಿ ಗೆದ್ದ ಗಾಜಾದ ಶವಯಾತ್ರೆಯ ಚಿತ್ರ ಹಲವು ಫೋಟೋಗಳ ಜೋಡಣೆ ಎಂಬ ಆರೋಪ ಬಂತು. ಇಂಥ ಪರೀಕ್ಷೆಯೂ ಆ ಆರೋಪದ ಆಧಾರಗಳಲ್ಲಿ ಒಂದಾಗಿತ್ತು. ತಜ್ಞರು ಕ್ಯಾಮೆರಾದ ರಾ ಫೈಲ್ (ಕ್ಯಾಮೆರಾ ಸೆರೆಹಿಡಿದ, ಇನ್ನೂ ಸಂಸ್ಕರಿಸದ ಮೂಲ ಫೈಲ್) ಜೊತೆ ಹೋಲಿಸಿ ನೋಡಿದರು. ಬೆಳಕು, ಬಣ್ಣ ಹೊಂದಿಸಿದ್ದು ಬಿಟ್ಟರೆ ಜೋಡಣೆ ಏನೂ ಇರಲಿಲ್ಲ. ಸತ್ತ ಮಕ್ಕಳನ್ನು ಹೊತ್ತು ನಡೆದವರ ಚಿತ್ರ ಅದು. ಅದನ್ನು ಸುಳ್ಳು ಎಂದವರ ಮಾತು ಆ ಮನೆಯವರ ಕಿವಿಗೆ ಬಿದ್ದಿದ್ದರೆ ಹೇಗಾಗಿರಬೇಡ?

ಎಐ ಚಿತ್ರ ಪತ್ತೆ ಮಾಡುವ ಆ್ಯಪ್‌ಗಳು ಕೊಡುವ ಶೇಕಡಾ ಲೆಕ್ಕವನ್ನೂ ನಾನು ಒಂದು ಸುಳಿವಾಗಿ ಮಾತ್ರ ತೆಗೆದುಕೊಳ್ಳುತ್ತೇನೆ. ಈಗಿನ ಫೋನುಗಳು ಒಂದು ಕ್ಲಿಕ್‌ಗೆ ಹಲವು ಫ್ರೇಮ್ ತೆಗೆದು, ಬೆಸೆದು, ತಾವಾಗಿಯೇ ನುಣುಪು ಮಾಡುತ್ತವೆ. ಹಾಗಾಗಿ "ತಿದ್ದಿದ್ದಾರಾ?" ಎಂದಷ್ಟೇ ಕೇಳಿದರೆ ಉತ್ತರ ಯಾವಾಗಲೂ ಹೌದು ಎಂದೇ ಬರಬಹುದು. ಇಲ್ಲದವರನ್ನು ಸೇರಿಸಿದ್ದಾರಾ, ಇದ್ದವರನ್ನು ತೆಗೆದಿದ್ದಾರಾ, ತಾರೀಖು ಬದಲಿಸಿದ್ದಾರಾ ಎಂದು ಬಿಡಿಸಿ ಕೇಳಿದರೆ ನಾನು ಬಿಡಿಸಿ ಹುಡುಕಬಲ್ಲೆ. ಏನೂ ಸಿಗದಿದ್ದಾಗ "ಇದು ಅಸಲಿ" ಎಂದು ವರದಿ ಬರೆಯುವುದಿಲ್ಲ. ಯಾವ ಯಾವ ಪರೀಕ್ಷೆ ಮಾಡಿದೆ ಎಂದು ಬರೆದು, "ಇವುಗಳಲ್ಲಿ ತಿದ್ದಿದ ಗುರುತು ಸಿಗಲಿಲ್ಲ" ಎಂದು ಸಹಿ ಹಾಕುತ್ತೇನೆ.