ಪೈಥಾನ್ ಕಲಿಯೋಕೆ ಯಾವುದನ್ನ ಹಿಡೀಲ್ರಿ?

ಪ್ರಶ್ನೆ: ನಾನು ಮುಧೋಳ ಕಡೆಯವ, ಬಾಗಲಕೋಟೆಯಲ್ಲಿ ಬಿಸಿಎ ಮೊದಲ ವರ್ಷ. ಓದಿದ್ದು ಕನ್ನಡ ಮೀಡಿಯಂ. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲೀಬೇಕು. ಒಬ್ಬರು ಆ ಪುಸ್ತಕ ಅಂತಾರ, ಇನ್ನೊಬ್ಬರು ಈ ಚಾನೆಲ್ ಅಂತಾರ. ಯಾವುದನ್ನ ಹಿಡೀಲ್ರಿ?

ಉತ್ತರ: ಯಾವುದಾದರೂ ಒಂದನ್ನೇ ಹಿಡಿಯಿರಿ. ಆದರೆ ಹಿಡಿಯುವ ಮೊದಲು ಅದನ್ನು ಪರೀಕ್ಷೆ ಮಾಡಿ. ಮೊದಲ ಪಾಠ ನೋಡಿ, ಮುಚ್ಚಿಡಿ, ಖಾಲಿ ಫೈಲ್ ತೆರೆದು ಅದೇ ಪ್ರೋಗ್ರಾಂ ನೀವೇ ಬರೆಯಿರಿ. ಎರಡು ಸಲ ನೋಡಿದ ಮೇಲೂ ಕೈ ಓಡದಿದ್ದರೆ ಆ ಪಾಠ ಬಿಡಿ, ಬೇರೆ ನೋಡಿ. ನಿಮ್ಮ ತಲೆಗೆ ಹತ್ತುವುದಿಲ್ಲ ಅಂತ ಮಾತ್ರ ತಿಳಿಯಬೇಡಿ.

ಪಾಠ ಒಳ್ಳೆಯದೋ ಅಲ್ಲವೋ ಅಂತ ನಾನು ನೋಡುವುದು ಹೀಗೆ. ನಿಮ್ಮ ಕಡೆಯದೇ ಲೆಕ್ಕ ತಗೊಳ್ಳಿ: 12 ಟನ್ ಕಬ್ಬು, ಟನ್ನಿಗೆ 3000 ರೂಪಾಯಿ ಅಂತ ಇಟ್ಟುಕೊಳ್ಳೋಣ. ತೂಕವನ್ನು ಇನ್‌ಪುಟ್ (input) ಅನ್ನುವ ಆದೇಶದಿಂದ ಕೇಳಿ, 3000ದಿಂದ ಗುಣಿಸಿ ಪ್ರಿಂಟ್ ಮಾಡಿದರೆ 36,000 ಬರಬೇಕಲ್ಲ? ಬರುವುದಿಲ್ಲ. 121212 ಅಂತ ಸ್ಕ್ರೀನ್ ತುಂಬ ಹರಿಯುತ್ತದೆ, 12 ಮೂರು ಸಾವಿರ ಸಲ! ಇನ್‌ಪುಟ್ ಕೊಡುವುದು ಸಂಖ್ಯೆಯನ್ನಲ್ಲ, ಅಕ್ಷರಗಳ ಸಾಲನ್ನು. ಅಕ್ಷರವನ್ನು 3000ದಿಂದ ಗುಣಿಸಿದರೆ ಪೈಥಾನ್ ಅದನ್ನು ಅಷ್ಟು ಸಲ ಬರೆಯುತ್ತದೆ. ಮೊದಲು ಇಂಟ್ (int) ಅನ್ನುವ ಆದೇಶ ಹಾಕಿ ಸಂಖ್ಯೆ ಮಾಡಿಕೊಂಡರೆ ಲೆಕ್ಕ ಸರಿಹೋಗುತ್ತದೆ. ಇಂಥ ತಪ್ಪಿಗೆ ನಿಮ್ಮನ್ನು ಕರೆದೊಯ್ದು, ಯಾಕೆ ಹಾಗಾಯಿತು ಅಂತ ಹೇಳುವ ಪಾಠವೇ ಪಾಠ. ಸರಿ ಉತ್ತರ ಮಾತ್ರ ತೋರಿಸುತ್ತ ಓಡುವ ವಿಡಿಯೊ ನೋಡುವಾಗ ಎಲ್ಲ ತಿಳಿದಂತೆ ಅನಿಸುತ್ತದೆ, ಪರೀಕ್ಷೆಯ ಲ್ಯಾಬಿನಲ್ಲಿ ಕೈ ಕೊಡುತ್ತದೆ.

ಸೀನಿಯರ್‌ಗಳು ಕೊಟ್ಟ ಹಳೆ ಪುಸ್ತಕವಿದ್ದರೆ ಪ್ರಿಂಟ್ ಇರುವ ಸಾಲು ನೋಡಿ. ಪ್ರಿಂಟ್ ಪದದ ನಂತರ ಬ್ರಾಕೆಟ್ ಇಲ್ಲದಿದ್ದರೆ ಅದು ಹಳೆ ಆವೃತ್ತಿ ಪೈಥಾನ್ 2ರದ್ದು. 2020ರ ಜನವರಿ 1ಕ್ಕೇ ಅದರ ಬೆಂಬಲ ನಿಂತಿದೆ. ಈಗಿನ ಪೈಥಾನ್ 3ರಲ್ಲಿ ಪುಸ್ತಕದಲ್ಲಿದ್ದಂತೆ ಬರೆದರೂ ಎರರ್ ಬರುತ್ತದೆ. ಪಾಪ, ಎಷ್ಟೋ ಹುಡುಗರು ತಪ್ಪು ತಮ್ಮದೇ ಅಂದುಕೊಂಡು ಅಲ್ಲಿಗೇ ಬಿಡುತ್ತಾರೆ.

ಕನ್ನಡದಲ್ಲಿ ಕೇಳಬೇಕೆಂದರೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಇದೆ, ಉಚಿತ. ಕನ್ನಡ ಧ್ವನಿಯ ಸಣ್ಣ ಸಣ್ಣ ಪಾಠಗಳು, ನಿಲ್ಲಿಸುತ್ತ ಜತೆಯಲ್ಲೇ ಟೈಪ್ ಮಾಡಲು ಮಾಡಿದವು. ಅಲ್ಲೂ ಪೈಥಾನ್ ಆವೃತ್ತಿ ನೋಡಿಕೊಂಡೇ ಶುರು ಮಾಡಿ. ಐಐಟಿಗಳ ಆನ್‌ಲೈನ್ ಕೋರ್ಸ್‌ಗಳಾದ ಎನ್‌ಪಿಟಿಇಎಲ್ ಹೆಚ್ಚಾಗಿ ಇಂಗ್ಲಿಷಿನಲ್ಲಿ, ವಿಡಿಯೊಕ್ಕೆ ದುಡ್ಡಿಲ್ಲ, ಪರೀಕ್ಷೆಗಷ್ಟೇ ಶುಲ್ಕ. ಪೈಥಾನ್‌ನವರದೇ ಟ್ಯುಟೋರಿಯಲ್ ಬೇರೆ ಭಾಷೆಯಲ್ಲಿ ಪ್ರೋಗ್ರಾಂ ಬರೆದು ರೂಢಿ ಇದ್ದವರಿಗೆ, ಈಗಲೇ ಬೇಡ.

ಎರರ್ ಸಂದೇಶಗಳಂತೂ ಇಂಗ್ಲಿಷಿನಲ್ಲೇ ಬರುತ್ತವೆ. ಒಂದು ನೋಟ್‌ಬುಕ್ ಇಡಿ. ಎಡಕ್ಕೆ ಎರರ್, ಬಲಕ್ಕೆ ಅದು ಯಾಕೆ ಬಂತು ಅಂತ ನಿಮ್ಮದೇ ಕನ್ನಡದಲ್ಲಿ ಬರೆದುಕೊಳ್ಳಿ.