ವೈನ್ ಬಾಟಲಿಯಲ್ಲಿ ಹುಣಸೆ ಹುಳಿ

ಒಂದು ವಾರ ಫ್ರಿಜ್ಜಿನಲ್ಲಿದ್ದ ರೀಸ್ಲಿಂಗ್ ಎಂಬ ಬಿಳಿ ವೈನಿನ ಬಾಟಲಿ ತೆಗೆದರೆ ತಳದಲ್ಲಿ ಪುಡಿ ಪುಡಿ ಹರಳು. "ಗಾಜಿನ ಚೂರು ಕಣೋ, ಚೆಲ್ಲಿಬಿಡು" ಅಂದ ಒಬ್ಬ ಗೆಳೆಯ. "ಸಕ್ಕರೆ ಸುರಿದಿದ್ದಾರೆ, ಕಲಬೆರಕೆ" ಅಂದ ಇನ್ನೊಬ್ಬ. ಜೇನುತುಪ್ಪ ಹರಳುಗಟ್ಟಿದರೂ ನಾವು ಅಂಗಡಿಯವನನ್ನೇ ಬೈಯುವವರು, ಅಲ್ವಾ? ಒಂದು ಹರಳನ್ನು ಬೆರಳಲ್ಲಿ ಒತ್ತಿದೆ. ಪುಡಿಯಾಯಿತು. ನಾಲಿಗೆಗೆ ಇಟ್ಟೆ. ಹುಳಿ!

ಅದು ಟಾರ್ಟಾರಿಕ್ ಆಮ್ಲದ ಪೊಟ್ಯಾಸಿಯಂ ಲವಣ. ದ್ರಾಕ್ಷಿಯಿಂದಲೇ ಬಂದದ್ದು. ತಣ್ಣಗಾದರೆ ಕರಗಿರಲಾರದೆ ತಳಕ್ಕಿಳಿಯುತ್ತದೆ, ಅಷ್ಟೇ. ಜರ್ಮನ್ನರು ಇದನ್ನು 'ವೈನ್‌ಸ್ಟೈನ್' ಅನ್ನುತ್ತಾರೆ, ಅಂದರೆ ವೈನ್ ಕಲ್ಲು. ಈ ಕಲ್ಲಿನ ವಂಶ ಸಣ್ಣದಲ್ಲ. 1848ರಲ್ಲಿ 25 ವರ್ಷದ ಫ್ರೆಂಚ್ ವಿಜ್ಞಾನಿ ಲೂಯಿ ಪಾಸ್ಚರ್ ಇದೇ ಆಮ್ಲದ ಇನ್ನೊಂದು ಲವಣದ ಹರಳುಗಳನ್ನು ಚಿಮಟದಲ್ಲಿ ಹಿಡಿದು ಎರಡು ಗುಡ್ಡೆ ಮಾಡಿದ. ಅಕ್ಕಿ ಆರಿಸಿದ ಹಾಗೆ! ಒಂದು ಗುಡ್ಡೆಯ ಹರಳು ಇನ್ನೊಂದು ಗುಡ್ಡೆಯ ಹರಳಿನ ಕನ್ನಡಿ ಬಿಂಬದಂತಿತ್ತು. ಎಡಗಾಲಿನ ಚಪ್ಪಲಿ, ಬಲಗಾಲಿನ ಚಪ್ಪಲಿ ಇದ್ದಂತೆ ಅಣುಗಳಲ್ಲೂ ಎಡ-ಬಲ ಇದೆ ಎಂಬ ವಿಚಾರ ಶುರುವಾದದ್ದು ಅಲ್ಲಿಂದ.

ನನಗೆ ಇದಕ್ಕಿಂತ ಖುಷಿ ಕೊಡುವ ವಿಷಯ ಬೇರೆ ಇದೆ. ನಮ್ಮ ಹುಣಸೆಹಣ್ಣಿನ ಹುಳಿಯೂ ಮುಖ್ಯವಾಗಿ ಇದೇ ಆಮ್ಲದ್ದು. ಹಾಗಾಗಿ ರೀಸ್ಲಿಂಗ್ ಅರ್ಥವಾಗಲು ಪುಳಿಯೋಗರೆ ಗೊಜ್ಜು ಸಾಕು. ಹುಣಸೆ ಮಾತ್ರ ಇದ್ದರೆ ಹಲ್ಲು ಚುಳ್ ಅನ್ನುತ್ತದೆ. ಬೆಲ್ಲ ಮಾತ್ರ ಇದ್ದರೆ ಮುಖ ಕಟ್ಟುತ್ತದೆ. ಎರಡೂ ಸೇರಿದರೆ ಒಂದನ್ನೊಂದು ಹಿಡಿದು ನಿಲ್ಲಿಸುತ್ತವೆ. ಜರ್ಮನಿಯ ಮೋಸೆಲ್ ನದಿಯ ಕಡಿದಾದ ದಂಡೆಗಳಲ್ಲಿ ಚಳಿ ಜಾಸ್ತಿ. ಹಣ್ಣು ನಿಧಾನಕ್ಕೆ ಮಾಗುತ್ತದೆ, ಹುಳಿ ಉಳಿಯುತ್ತದೆ. ಹುದುಗುವುದನ್ನು ಅರ್ಧದಲ್ಲೇ ನಿಲ್ಲಿಸಿದರೆ ಸಿಹಿಯೂ ಉಳಿಯುತ್ತದೆ. ಅಂಥ ಬಾಟಲಿಯಲ್ಲಿ ಲೀಟರಿಗೆ 40 ಗ್ರಾಂ ಸಕ್ಕರೆ ಇದ್ದರೂ ಪಾನಕ ಅನ್ನಿಸುವುದಿಲ್ಲ. (ಅಲ್ಲಿನ ಸ್ಲೇಟು ಕಲ್ಲಿನ ರುಚಿ ವೈನಿಗೆ ಇಳಿಯುತ್ತದೆ ಅನ್ನುವವರಿದ್ದಾರೆ. ಬೇರು ಕಲ್ಲನ್ನು ತಿನ್ನುವುದಿಲ್ಲ ಸ್ವಾಮಿ.)

ಇನ್ನು ಊಟ. ಜಿಲೇಬಿ ತಿಂದು ಕಾಫಿ ಕುಡಿದರೆ ಸಕ್ಕರೆಯೇ ಹಾಕಿಲ್ಲ ಅನ್ನಿಸುತ್ತದಲ್ಲ, ಹುಳಿಯದೂ ಅದೇ ಕತೆ. ತಟ್ಟೆಯಲ್ಲಿರುವುದು ವೈನಿಗಿಂತ ಹುಳಿಯಾದರೆ ವೈನ್ ಸಪ್ಪೆ. ರೀಸ್ಲಿಂಗ್ ಸುಲಭಕ್ಕೆ ಸೋಲುವುದಿಲ್ಲ. ಹೊಗೆ ಹಾಕಿದ ಟ್ರೌಟ್ ಮೀನು, ಕೊಬ್ಬಿರುವ ಹಂದಿಮಾಂಸಕ್ಕೆ ಅದು ನಿಂಬೆಹಣ್ಣು ಹಿಂಡಿದ ಹಾಗೆ.

ಖಾರದ ವಿಷಯವೇ ಬೇರೆ. ಖಾರ ರುಚಿಯಲ್ಲ, ಉರಿ. ಬಿಸಿ ತಾಗಿದಾಗ ಕೂಗುವ ನರವನ್ನೇ ಮೆಣಸಿನಕಾಯಿ ಕೆಣಕುತ್ತದೆ. ಆ ನರ ಸಾಮಾನ್ಯವಾಗಿ ಎಚ್ಚರಗೊಳ್ಳುವುದು ಸುಮಾರು 42 ಡಿಗ್ರಿಗೆ. ಆಲ್ಕೋಹಾಲ್ ಬಿದ್ದರೆ ಸುಮಾರು 34 ಡಿಗ್ರಿಗೇ ಕೂಗುತ್ತದೆ. ನಮ್ಮ ಬಾಯಿಯ ಬಿಸಿಯೇ ಅದಕ್ಕಿಂತ ಜಾಸ್ತಿ! ಹಾಗಾಗಿ ಶೇಕಡಾ 14ರ ವೈನ್ ಮೆಣಸಿನ ಉರಿಗೆ ತುಪ್ಪ ಸುರಿಯುತ್ತದೆ. ಶೇಕಡಾ 8ರ ಸಿಹಿ ರೀಸ್ಲಿಂಗ್ ಅಷ್ಟು ಕೆಣಕುವುದಿಲ್ಲ, ಸಕ್ಕರೆ ಸ್ವಲ್ಪ ಸಮಾಧಾನವನ್ನೂ ಮಾಡುತ್ತದೆ.

ಅವತ್ತು ಮನೆಯಲ್ಲಿದ್ದದ್ದು ಮಂಗಳೂರು ಮೀನು ಗಸಿ. ಚೆಲ್ಲು ಅಂದವನೇ ಎರಡನೇ ಸಲ ಲೋಟ ಚಾಚಿದ. ಹರಳು ಬೀಳದ ಹಾಗೆ ಮೆಲ್ಲಗೆ ಬಗ್ಗಿಸಿದೆ.