ಹಲ್ಲಿಗಿಂತ ಗಟ್ಟಿ ಡಿಸ್ಕ್ ಬೇಡ

"ಡಾಕ್ಟ್ರೇ, ಎಷ್ಟು ಕಚ್ಚಿದರೂ ಏನೂ ಆಗದಂಥ ಫ್ರಿಸ್ಬಿ ಯಾವುದುಂಟು?"

ನಾಯಿಯ ಲಸಿಕೆಗೆ ಬಂದವರು, ಜಂತುಹುಳದ ಮದ್ದಿಗೆ ಬಂದವರು, ಎದ್ದು ಹೊರಡುವಾಗ ಬಾಗಿಲ ಹತ್ತಿರ ನಿಂತು ಇದನ್ನು ಕೇಳುತ್ತಾರೆ. ನಾಯಿಗೆ ಎಸೆದು ಆಡಿಸಲು ತಂದ ಡಿಸ್ಕ್ ಎರಡೇ ದಿನಕ್ಕೆ ಚೂರಾಯಿತು, ದುಡ್ಡು ದಂಡ, ಇನ್ನು ತಂದರೆ ಗಟ್ಟಿಯಾದದ್ದೇ ತರುವುದು ಅಂತ ತೀರ್ಮಾನ ಮಾಡಿಕೊಂಡೇ ಬಂದಿರುತ್ತಾರೆ. ಅವರ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಆ ತೀರ್ಮಾನ ಕೇಳಿದರೆ ಸುಮ್ನೆ ಇರಲು ಆಗುವುದಿಲ್ಲ. ನಾಯಿಯನ್ನು ಮತ್ತೆ ಮೇಜಿನ ಮೇಲೆ ಹತ್ತಿಸಿ, ತುಟಿ ಎತ್ತಿ, ಹಲ್ಲು ತೋರಿಸಿಯೇ ಕಳಿಸುತ್ತೇನೆ.

ನಾಯಿಗೆ 42 ಹಲ್ಲು. ಮೇಲ್ದವಡೆಯ ಎರಡೂ ಬದಿಯಲ್ಲಿ, ಕಣ್ಣಿನ ಕೆಳಭಾಗಕ್ಕೆ, ಒಂದೊಂದು ದೊಡ್ಡ ಹಲ್ಲು ಇದೆ. ಮಾಂಸ ಕತ್ತರಿಸುವ ಹಲ್ಲು ಅದೇ. ಗಟ್ಟಿಯಾದದ್ದು ಏನು ಸಿಕ್ಕಿದರೂ ನಾಯಿ ಅದನ್ನು ಬಾಯಿಯ ಬದಿಗೆ ತಳ್ಳಿ ಈ ಹಲ್ಲಿಗೇ ಕೊಡುತ್ತದೆ. ದವಡೆಯ ಬಲ ಜಾಸ್ತಿ. ಹಲ್ಲಿನ ಮೇಲಿನ ಎನಾಮಲ್ ಮಾತ್ರ ನಮ್ಮದಕ್ಕಿಂತ ಎಷ್ಟೋ ತೆಳು, 1 ಮಿಲಿಮೀಟರ್ ಕೂಡ ಇರುವುದಿಲ್ಲ. ಬಾಯಿಯೊಳಗೆ ಅಷ್ಟು ಬಲ ಬಿದ್ದಾಗ ಎರಡರಲ್ಲಿ ಒಂದು ಬಗ್ಗಲೇಬೇಕು. ಡಿಸ್ಕ್ ಬಗ್ಗದಿದ್ದರೆ ಹಲ್ಲಿನ ಹೊರಮೈಯಿಂದ ಒಂದು ಚಕ್ಕೆ ಎದ್ದು ಹೋಗುತ್ತದೆ. ಒಳಗಿನ ನರ, ರಕ್ತನಾಳ ತೆರೆದುಕೊಳ್ಳುತ್ತವೆ. ಅಲ್ಲಿಂದ ರೋಗಾಣು ಬೇರಿನವರೆಗೆ ಇಳಿಯುತ್ತದೆ.

ಕಷ್ಟ ಏನೆಂದರೆ, ನಾಯಿ ಹೇಳುವುದಿಲ್ಲ. ಅನ್ನ ಬಿಡುವುದಿಲ್ಲ. ಇನ್ನೊಂದು ಬದಿಯಿಂದ ತಿನ್ನುತ್ತದೆ, ಅಷ್ಟೇ.

ಬದಿಯಡ್ಕ ಕಡೆಯ ಹಿರಿಯರೊಬ್ಬರು ಒಂದು ಲ್ಯಾಬ್ರಡಾರ್ ಕರೆತಂದಿದ್ದರು. ಬಲಗಣ್ಣಿನ ಕೆಳಗೆ ಬಾತು, ಸಣ್ಣ ತೂತಾಗಿ ಕೀವು ಸುರಿಯುತ್ತಿತ್ತು. ಮನೆಯಲ್ಲಿ ಅರಸಿನ ಅರೆದು ಹಚ್ಚಿದ್ದರು. "ಕಣಜ ಕಚ್ಚಿರಬೇಕು ಡಾಕ್ಟ್ರೇ, ಮಾಸುವುದು, ಪುನಃ ಒಡೆಯುವುದು, ಹೀಗೇ ಆಗುತ್ತಾ ಉಂಟು" ಅಂದರು. ತುಟಿ ಎತ್ತಿ ನೋಡಿದರೆ ಆ ದೊಡ್ಡ ಹಲ್ಲಿನ ಹೊರಗಿನ ಅರ್ಧ ಇಲ್ಲ. ನಡುವಿನಲ್ಲಿ ಕಪ್ಪು ಚುಕ್ಕೆ. ಆಟಕ್ಕೆ ಏನು ಕೊಡುತ್ತೀರಿ ಅಂತ ಕೇಳಿದೆ. ಅವರು ಹುರುಪಿನಿಂದ ಕಾರಿಗೆ ಹೋಗಿ ಒಂದು ಡಿಸ್ಕ್ ತಂದರು. ದುಬೈಯಲ್ಲಿರುವ ಮಗ ಕಳಿಸಿದ್ದಂತೆ. ಗಟ್ಟಿ ನೈಲಾನಿನದ್ದು, ಮೇಜಿಗೆ ಬಡಿದರೆ ಟಕ್ ಅನ್ನುತ್ತದೆ. "ವರ್ಷ ಎರಡಾಯಿತು, ನೋಡಿ, ಒಂದು ಗೀರು ಬಿದ್ದಿಲ್ಲ!" ನಿಜ, ಡಿಸ್ಕಿಗೆ ಏನೂ ಆಗಿರಲಿಲ್ಲ. ಹಲ್ಲಿಗೆ ಮೂರು ಬೇರು. ಅದನ್ನು ಕೀಳಬೇಕಾದರೆ ಅರಿವಳಿಕೆ ಕೊಟ್ಟು, ಹಲ್ಲನ್ನೇ ಮೂರು ತುಂಡು ಮಾಡಿ ಒಂದೊಂದಾಗಿ ತೆಗೆಯಬೇಕು. ಹಿರಿಯರು ಆ ಹೊತ್ತೆಲ್ಲ ಹೊರಗೆ ಬೆಂಚಿನ ಮೇಲೆ ಕೂತಿದ್ದರು, ಚಹಾಕ್ಕೂ ಏಳಲಿಲ್ಲ. ನಾಯಿಯ ಮೇಲೆ ಇಷ್ಟು ಪ್ರೀತಿ ಇರುವವರ ಕೈಯಲ್ಲೇ ಇಂಥ ಡಿಸ್ಕ್ ಇರುತ್ತದಲ್ಲ ಅಂತ ನನಗೆ ಸಂಕಟ.

ಹಾಗಾಗಿ ಅಂಗಡಿಯಲ್ಲಿ ಮೊದಲು ನೋಡಬೇಕಾದ್ದು ಒಂದೇ. ಹೆಬ್ಬೆರಳಿನ ಉಗುರನ್ನು ಡಿಸ್ಕಿನ ಅಂಚಿಗೆ ಒತ್ತಿ. ಉಗುರಿನ ಗುರುತು ಬೀಳಬೇಕು, ಅಥವಾ ಆ ಜಾಗ ಸ್ವಲ್ಪವಾದರೂ ಒಳಕ್ಕೆ ಹೋಗಬೇಕು. ಹೋಗದಿದ್ದರೆ ಬಿಡಿ. ಆಮೇಲೆ ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿ. ಹೆಚ್ಚು ಬಲ ಹಾಕದೆ ಬಗ್ಗಬೇಕು, ಬಿಟ್ಟ ಕೂಡಲೇ ತನ್ನ ಆಕಾರಕ್ಕೆ ಬರಬೇಕು. ಬಗ್ಗಿದಲ್ಲಿ ಬಿಳಿ ಗೆರೆ ಕಂಡರೆ ಆ ಪ್ಲಾಸ್ಟಿಕ್ ಬೇಗ ಸೀಳುತ್ತದೆ, ಸೀಳಿದ ತುದಿ ಚೂಪಾಗಿರುತ್ತದೆ. ಆನ್‌ಲೈನಿನಲ್ಲಿ ತರಿಸುವವರು ಡಬ್ಬಿ ತೆರೆದ ಕೂಡಲೇ ಇದನ್ನು ಮಾಡಿ, ನಾಯಿಗೆ ತೋರಿಸುವ ಮೊದಲು. ಒಮ್ಮೆ ಬಾಯಿ ಹಾಕಿದರೆ ವಾಪಸು ತೆಗೆದುಕೊಳ್ಳುವವರು ಯಾರು? ಡಬ್ಬಿಯ ಮೇಲೆ ಏನು ಬರೆದಿದ್ದಾರೆ ಅನ್ನುವುದಕ್ಕಿಂತ ನಿಮ್ಮ ಉಗುರನ್ನು ನಂಬಿ. "ನಾಯಿಗೆಂದೇ ಮಾಡಿದ್ದು" ಅಂತ ಬರೆದ ಗಟ್ಟಿ ಡಿಸ್ಕುಗಳನ್ನೂ ನಾನು ನೋಡಿದ್ದೇನೆ.

ಮಕ್ಕಳು ಬಯಲಿನಲ್ಲಿ ಆಡುವ ಫ್ರಿಸ್ಬಿಯನ್ನೇ ನಾಯಿಗೂ ಎಸೆದರೆ ಆಗದೇ ಅಂತ ಕೇಳುತ್ತಾರೆ. ಬೇಡ ಅನ್ನುತ್ತೇನೆ. ಫ್ರಿಸ್ಬಿ ಎಸೆದು ತಂಡವಾಗಿ ಆಡುವ ಅಲ್ಟಿಮೇಟ್ ಆಟದ ಡಿಸ್ಕ್ 175 ಗ್ರಾಂ ತೂಗುತ್ತದೆ. ಮನುಷ್ಯರು ಕೈಯಲ್ಲಿ ಹಿಡಿಯಲು ಮಾಡಿದ್ದು ಅದು. ನಾಯಿ ಹಿಡಿಯುವುದು ಓಡುತ್ತಾ, ಬಾಯಿಯಲ್ಲಿ. ನಾಯಿಗೆಂದು ಮಾಡಿದ ತೆಳು ಪ್ಲಾಸ್ಟಿಕ್ ಡಿಸ್ಕುಗಳು ಸಾಮಾನ್ಯವಾಗಿ 100ರಿಂದ 140 ಗ್ರಾಂ ಒಳಗೆ ಇರುತ್ತವೆ. ಡಿಸ್ಕ್ ಎಸೆದು ಗುರಿ ಮುಟ್ಟಿಸುವ ಡಿಸ್ಕ್ ಗಾಲ್ಫ್ ಆಟದ ಸಣ್ಣ, ಅಂಚು ಚೂಪಾದ ಡಿಸ್ಕನ್ನಂತೂ ನಾಯಿ ಇರುವ ಮನೆಯಲ್ಲಿ ಕೈಗೆ ಸಿಗುವ ಜಾಗದಲ್ಲಿ ಇಡಲೇಬೇಡಿ. ತೆಂಗಿನ ಗೆರಟೆ ಎಸೆದು ಆಡಿಸುವವರಿಗೂ ಇದೇ ಮಾತು. ಗೆರಟೆ ಕಚ್ಚಿ ಹಲ್ಲು ಮುರಿದ ನಾಯಿಗಳು ನಮ್ಮಲ್ಲಿ ಬೇಕಾದಷ್ಟು ಬರುತ್ತವೆ.

ಹಾಗಾದರೆ ಯಾವುದು? ನನ್ನ ಮೊದಲ ಆಯ್ಕೆ ಮೆತ್ತನೆಯ ರಬ್ಬರಿನದ್ದು. ಅದು ಚೂಪಾಗಿ ಸೀಳುವುದಿಲ್ಲ, ಹಲ್ಲು ಊರಿದರೆ ಜಾಗ ಕೊಡುತ್ತದೆ, ಬಿಟ್ಟರೆ ಸರಿಯಾಗುತ್ತದೆ. ನಮ್ಮ ಕಾಸರಗೋಡು ಜಿಲ್ಲೆಯವರಿಗೆ ರಬ್ಬರಿನ ವಿಷಯ ನಾನು ಹೇಳಿಕೊಡಬೇಕಾಗಿಲ್ಲ ಅಲ್ವಾ? ಬೆಳಗ್ಗೆ ರಬ್ಬರ್ ಮರದ ಟ್ಯಾಪಿಂಗ್ ಮಾಡಿ, ಅದರ ಹಾಲು ತಂದು, ಶೀಟು ಮಾಡುವವರು ನೀವೇ. ಶೀಟನ್ನು ಬಿಸಿಲಿಗೆ ಜಾಸ್ತಿ ಬಿಟ್ಟರೆ ಕೆಡುತ್ತದೆ ಅಂತ ಗೊತ್ತಿರುವ ತೋಟದವರೇ ರಬ್ಬರ್ ಡಿಸ್ಕನ್ನು ಏಪ್ರಿಲ್ ತಿಂಗಳಿಡೀ ಅಂಗಳದಲ್ಲಿ ಬಿಟ್ಟು, "ಬಿರುಕು ಬಿಟ್ಟಿತು, ಕಂಪೆನಿ ಸರಿ ಇಲ್ಲ" ಅನ್ನುತ್ತಾರೆ. ಬಿಸಿಲಿಗೆ ರಬ್ಬರಿನ ಮೈ ಬಿರಿಯುತ್ತದೆ, ನಾಯಿ ಆ ಬಿರುಕಿನಿಂದಲೇ ಕೀಳಲು ಶುರು ಮಾಡುತ್ತದೆ. ಇನ್ನು ಕೆಲವರು ರಬ್ಬರ್ ಮೆತ್ತಗಿರಲಿ ಅಂತ ತೆಂಗಿನೆಣ್ಣೆ ಉಜ್ಜುತ್ತಾರೆ. ದಯವಿಟ್ಟು ಮಾಡಬೇಡಿ. ಎಣ್ಣೆ ಕುಡಿದ ರಬ್ಬರ್ ಉಬ್ಬುತ್ತದೆ, ಒಳಗಿನ ಹಿಡಿತ ಹೋಗುತ್ತದೆ, ಮತ್ತೆ ತುಂಡು ತುಂಡಾಗಿ ಬರುತ್ತದೆ. ಎಣ್ಣೆಯ ವಾಸನೆಗೆ ನಾಯಿ ಆ ತುಂಡನ್ನು ನುಂಗುತ್ತದೆ ಕೂಡ. ತಣ್ಣೀರಲ್ಲಿ ತೊಳೆದು ನೆರಳಲ್ಲಿ ತೂಗುಹಾಕಿ, ಸಾಕು.

ಪ್ಲಾಸ್ಟಿಕ್ ಡಿಸ್ಕೇ ಬೇಕು, ದೂರ ಹೋಗಬೇಕು ಅನ್ನುವವರು ಬಗ್ಗುವ ಜಾತಿಯದ್ದು ತನ್ನಿ. ಆದರೆ ನಿಮ್ಮ ನೆಲ ನೋಡಿಕೊಳ್ಳಿ. ನಮ್ಮದು ಮುರಕಲ್ಲಿನ ಊರು. ಪದವಿನಲ್ಲಿ, ಅಂದರೆ ಮುರಕಲ್ಲಿನ ಬಯಲಿನಲ್ಲಿ, ಆಡಿಸಿದರೆ ಡಿಸ್ಕ್ ಬಿದ್ದು ಜಾರಿದಾಗಲೆಲ್ಲ ಅಂಚು ಉಜ್ಜಿ, ಗರಗಸದಂತೆ ಸಣ್ಣ ಹಲ್ಲುಗಳೇಳುತ್ತವೆ. ಮೇಲೆ ನಿಂತು ನೋಡಿದರೆ ಕಾಣುವುದಿಲ್ಲ. ಆಟ ಮುಗಿದ ಮೇಲೆ ಡಿಸ್ಕಿನ ಅಂಚನ್ನು ನಿಮ್ಮ ಒಳಗೈ ಮಣಿಕಟ್ಟಿನ ಮೇಲೆ ಒಂದು ಸುತ್ತು ಎಳೆಯಿರಿ. ಕೆರೆದ ಹಾಗಾದರೆ ನಾಯಿಯ ಒಸಡನ್ನೂ ತುಟಿಯ ಮೂಲೆಯನ್ನೂ ಅದು ಕೆರೆಯುತ್ತದೆ. ನುಣ್ಣನೆಯ ಉಪ್ಪುಕಾಗದದಲ್ಲಿ ಉಜ್ಜಿ ಸಮ ಮಾಡಿ. ಉಜ್ಜಿದರೂ ಹೋಗದಿದ್ದರೆ ಡಿಸ್ಕಿನ ಕಾಲ ಮುಗಿಯಿತು. ಬಾಯಲ್ಲಿ ರಕ್ತ ಕಂಡು ಗಾಬರಿಯಿಂದ ಓಡಿ ಬರುವವರಲ್ಲಿ ಎಷ್ಟೋ ಮಂದಿಯ ಡಿಸ್ಕಿನ ಅಂಚು ಹೀಗೇ ಇರುತ್ತದೆ.

ಸಿಮೆಂಟಿನ ಅಂಗಳದಲ್ಲಿ, ಅಡಿಕೆ ಒಣಗಿಸುವ ಜಾಗದಲ್ಲಿ ಇನ್ನೊಂದು ತೊಂದರೆ. ಚಪ್ಪಟೆ ಡಿಸ್ಕ್ ನೆಲಕ್ಕೆ ಅಂಟಿಕೊಂಡರೆ ನಾಯಿಗೆ ಎತ್ತಲು ಆಗುವುದಿಲ್ಲ. ಕೆಳಗಿನ ಮುಂದಿನ ಹಲ್ಲನ್ನು ಸಿಮೆಂಟಿಗೆ ಉಜ್ಜುತ್ತಾ ಒದ್ದಾಡುತ್ತದೆ. ಅಂಥಲ್ಲಿ ನಡುವೆ ತೂತಿರುವ ಬಳೆಯಾಕಾರದ್ದು ಒಳ್ಳೆಯದು. ಬೇಕಲ, ಕಣ್ವತೀರ್ಥದ ಕಡೆ ಕಡಲ ಬದಿಗೆ ಹೋಗುವವರು ಒಂದು ಬಾಟಲಿ ನೀರು ಇಟ್ಟುಕೊಳ್ಳಿ, ಆಗಾಗ ಡಿಸ್ಕ್ ತೊಳೆಯಿರಿ. ಜೊಲ್ಲಿಗೆ ಅಂಟಿದ ಮರಳು ದಿನವೂ ಉಜ್ಜಿದರೆ ಹಲ್ಲು ಸವೆಯುತ್ತದೆ. ಕುಡಿಯಲು ಒಳ್ಳೆ ನೀರು ಬೇರೆಯೇ ಒಯ್ಯಿರಿ, ಬಾಯಾರಿದ ನಾಯಿ ಉಪ್ಪುನೀರಿಗೆ ಬಾಯಿ ಹಾಕಿದರೆ ವಾಂತಿ ಭೇದಿ ಆಗಬಹುದು. ಕೇರಳದ 44 ನದಿಗಳಲ್ಲಿ 12 ನಮ್ಮ ಜಿಲ್ಲೆಯಲ್ಲೇ ಇವೆ, ಹೊಳೆಬದಿಯ ಮನೆಗಳಿಗೆ ಲೆಕ್ಕವಿಲ್ಲ. ಹೊಳೆಗೆ ಎಸೆಯುವುದಾದರೆ ತೇಲುವ ಡಿಸ್ಕೇ ಬೇಕು. ಗಟ್ಟಿ ರಬ್ಬರಿನವು ಕೆಲವು ಮುಳುಗುತ್ತವೆ, ಬಕೆಟಿನಲ್ಲಿ ಹಾಕಿ ನೋಡಿಯೇ ಹೋಗಿ. ಮಳೆಗಾಲದಲ್ಲಿ ಇಲಿಜ್ವರದ ಲಸಿಕೆ ಆಗದ ನಾಯಿಯನ್ನು ಕಟ್ಟಿನಿಂತ ನೀರಿಗೆ ಇಳಿಸಬೇಡಿ. ಬಣ್ಣ ಕೇಳಿದರೆ ನೀಲಿ ಅಥವಾ ಹಳದಿ. ಹಸಿರು ಹುಲ್ಲಿನಲ್ಲಿ ಬಿದ್ದ ಕೆಂಪು ಡಿಸ್ಕ್ ನಮಗೆ ಎದ್ದು ಕಾಣುತ್ತದೆ, ನಾಯಿಗೆ ಕಾಣುವುದು ಕಷ್ಟ.

ಬಟ್ಟೆಯ ಡಿಸ್ಕಿನ ಬಗ್ಗೆ ನನಗೆ ಒಂದು ಹೆದರಿಕೆ ಇದೆ. ಅದು ನೂಲು. ಹೊಲಿಗೆ ಬಿಚ್ಚಿ ಉದ್ದದ ನೂಲು ಹೊಟ್ಟೆಗೆ ಹೋದರೆ, ಒಂದು ತುದಿ ಎಲ್ಲೋ ಸಿಕ್ಕಿಕೊಂಡು ಕರುಳು ನೆರಿಗೆ ಕಟ್ಟುತ್ತದೆ, ನೂಲು ಕರುಳನ್ನು ಕೊಯ್ಯಲೂಬಹುದು. ಆದರೂ ಕುಂಬಳೆ ಪೇಟೆಯಲ್ಲಿ ಹೊಲಿಗೆ ಕೆಲಸ ಮಾಡುವ ಅಕ್ಕ ಒಬ್ಬರು ತಾವೇ ಮಾಡಿದ ಡಿಸ್ಕ್ ತೋರಿಸಿದಾಗ ಮನಸ್ಸು ತುಂಬಿ ಬಂತು. ಹಳೆ ಜೀನ್ಸ್ ಬಟ್ಟೆ ಮೂರು ಪದರ. ಅಂಚಿನ ಮಡಿಕೆಯೊಳಗೆ ಸೈಕಲ್ ಟ್ಯೂಬಿನ ಪಟ್ಟಿಯ ಬಳೆ. ಡಿಸ್ಕ್ ಓಲಾಡದೆ ಹೋಗುವುದು ಅದು ಸುತ್ತುವುದರಿಂದ. ಭಾರ ಅಂಚಿನಲ್ಲಿದ್ದರೆ ಸುತ್ತು ಹೆಚ್ಚು ಹೊತ್ತು ಉಳಿಯುತ್ತದೆ. ಅಕ್ಕ ಇದನ್ನು ಎಸೆದೆಸೆದು ತಾವೇ ಕಂಡುಕೊಂಡಿದ್ದರು. ಹೊಲಿಗೆ ಒತ್ತೊತ್ತಾಗಿ ಎರಡು ಸಾಲು, ನೂಲಿನ ತುದಿ ಪದರದೊಳಗೆ. ಅವರು ಸಾಕಿದ ಊರ ನಾಯಿ ಅದನ್ನು ಎಷ್ಟು ಚೆನ್ನಾಗಿ ಹಿಡಿಯುತ್ತದೆ! "ಹೊಲಿಗೆ ಒಂದು ಎಳೆ ಎದ್ದರೂ ಬಿಚ್ಚಿ ಪುನಃ ಹಾಕುತ್ತೇನೆ ಡಾಕ್ಟ್ರೇ" ಅಂದರು. ಹೀಗೆ ದಿನವೂ ನೋಡುವವರಿದ್ದರೆ ಬಟ್ಟೆಯದ್ದಕ್ಕೆ ನನ್ನ ತಕರಾರಿಲ್ಲ.

ಅಕ್ಕನ ಡಿಸ್ಕ್ ಬಾಳಿಕೆ ಬರಲು ಇನ್ನೊಂದು ಕಾರಣ ಇದೆ, ಆಟ ಮುಗಿದ ಮೇಲೆ ಅವರು ಅದನ್ನು ಎತ್ತಿಡುತ್ತಾರೆ. ಡಿಸ್ಕ್ ಹಾಳಾಗುವುದು ಹಿಡಿಯುವಾಗ ಅಲ್ಲ. ಹಿಡಿಯುವ ಹೊತ್ತು ಕ್ಷಣ ಮಾತ್ರ. ಆಮೇಲೆ ನಾಯಿ ಅದನ್ನು ಹಿಡಿದುಕೊಂಡು ತೆಂಗಿನ ಮರದ ಬುಡದಲ್ಲಿ ಕೂತು, ಎರಡು ಕಾಲಿನ ನಡುವೆ ಇಟ್ಟು ಜಗಿಯುತ್ತದಲ್ಲ, ಹಾಳಾಗುವುದು ಆಗ. ಎರಡು ದಿನಕ್ಕೆ ಚೂರಾಯಿತು ಅನ್ನುವವರ ಮನೆಯಲ್ಲೆಲ್ಲ ಡಿಸ್ಕ್ ಇಡೀ ದಿನ ನಾಯಿಯ ಹತ್ತಿರವೇ ಇರುತ್ತದೆ. ಜಗಿಯಲು ಬೇರೆ ವಸ್ತು ಕೊಡಿ. ಡಿಸ್ಕ್ ನಿಮ್ಮದು, ಆಟದ ಹೊತ್ತಿಗೆ ಮಾತ್ರ ಹೊರಗೆ ಬರಬೇಕು. ಕೊಡುವುದಿಲ್ಲ ಅಂತ ಹಟ ಮಾಡುವ ನಾಯಿಯ ಬಾಯಿಂದ ಎಳೆಯಬೇಡಿ. ಎಳೆದಷ್ಟೂ ಅದು ಇನ್ನೂ ಬಿಗಿ ಹಿಡಿಯುತ್ತದೆ, ಹಲ್ಲಿಗೂ ಡಿಸ್ಕಿಗೂ ಪೆಟ್ಟು. ಒಂದೇ ಥರದ ಎರಡು ಡಿಸ್ಕ್ ಇಟ್ಟುಕೊಳ್ಳಿ. ಬಾಯಲ್ಲಿರುವುದನ್ನು ಬಿಟ್ಟ ಕೂಡಲೇ ಎರಡನೆಯದು ಎಸೆಯಿರಿ. ಹೆಚ್ಚಿನ ನಾಯಿಗಳು ಇದನ್ನು ಬೇಗ ಕಲಿಯುತ್ತವೆ. ಹೀಗೆ ನಡೆಸಿದರೆ ಮೆತ್ತನೆಯ ಡಿಸ್ಕೇ ತಿಂಗಳುಗಟ್ಟಲೆ ಬರುತ್ತದೆ. ಗಟ್ಟಿಯದ್ದು ಹುಡುಕುವ ಪ್ರಶ್ನೆಯೇ ಏಳುವುದಿಲ್ಲ.

ಎಸೆಯುವ ಬಗ್ಗೆ ಎರಡು ಮಾತು. 1974ರಲ್ಲಿ ಲಾಸ್ ಏಂಜಲೀಸಿನ ಬೇಸ್‌ಬಾಲ್ ಮೈದಾನದಲ್ಲಿ ಆ್ಯಶ್ಲಿ ವಿಪೆಟ್ ಎಂಬ ನಾಯಿ ನೆಗೆನೆಗೆದು ಡಿಸ್ಕ್ ಹಿಡಿದದ್ದನ್ನು ಟಿವಿಯಲ್ಲಿ ನೋಡಿ ಈ ಆಟಕ್ಕೆ ಮಂದಿ ಮರುಳಾದರು. ಈಗ ಫೋನಿನ ವಿಡಿಯೊ ನೋಡಿ ಎಲ್ಲರಿಗೂ ತಮ್ಮ ನಾಯಿ ಹಾಗೇ ಹಾರಬೇಕು. ಹಿಂಗಾಲ ಮೇಲೆ ನೆಟ್ಟಗೆ ಬಂದು ಬಿದ್ದರೆ ಮೊಣಕಾಲಿನ ಒಳಗೆ ಎಲುಬುಗಳನ್ನು ಹಿಡಿದಿಡುವ ಕಟ್ಟು ಹರಿಯಬಹುದು, ಮೈ ಬಂದ ಲ್ಯಾಬ್ರಡಾರುಗಳಲ್ಲಿ ವಿಶೇಷವಾಗಿ. ನೆಲಕ್ಕೆ ಹತ್ತಿರವಾಗಿ, ನಾಯಿಯ ಮುಂದಕ್ಕೆ ಹೋಗುವಂತೆ ಎಸೆಯಿರಿ. ಎಲುಬು ಬೆಳೆಯುತ್ತಿರುವ ಮರಿಗಳಿಗೆ, ದೊಡ್ಡ ಜಾತಿಯಾದರೆ ಒಂದೂವರೆ ವರ್ಷದವರೆಗೂ, ಡಿಸ್ಕನ್ನು ಚಕ್ರದ ಹಾಗೆ ನೆಲದಲ್ಲಿ ಉರುಳಿಸಿ ಬಿಡಿ. ಸೊಂಟ, ಕಾಲು ನೋವಿರುವ ನಾಯಿಯಾದರೆ ಮೊದಲು ನಿಮ್ಮ ಪಶುವೈದ್ಯರಿಗೆ ತೋರಿಸಿ.

ಸೆಕೆಯೂ ನೆನಪಿರಲಿ. ನಾಯಿ ಮೈ ತಣಿಸಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ, ನಮ್ಮ ಕರಾವಳಿಯ ತೇವದ ಗಾಳಿಯಲ್ಲಿ ಅದೂ ಸರಿಯಾಗಿ ಆಗುವುದಿಲ್ಲ. ಮೈಬಿಸಿ 38ರಿಂದ 39 ಡಿಗ್ರಿ ಸೆಲ್ಸಿಯಸ್ ಇರಬೇಕಾದ್ದು 41 ದಾಟಿದರೆ ಜೀವಕ್ಕೇ ಅಪಾಯ. ಆಟದ ಹುಚ್ಚಿರುವ ನಾಯಿ ತಾನಾಗಿ ನಿಲ್ಲಿಸುವುದಿಲ್ಲ, ನೀವೇ ನಿಲ್ಲಿಸಬೇಕು. ಬೆಳಗ್ಗೆ ಬೇಗ ಅಥವಾ ಬಿಸಿಲು ಇಳಿದ ಮೇಲೆ, ಹೊಟ್ಟೆ ತುಂಬಿರದಾಗ ಆಡಿಸಿ. ಪಗ್ ಥರದ ಚಪ್ಪಟೆ ಮೂತಿಯವಕ್ಕೆ ಎರಡು ಮೂರು ಎಸೆತ ಸಾಕು.

ಇಷ್ಟೆಲ್ಲ ನೋಡಿಕೊಂಡರೂ ಡಿಸ್ಕಿನ ಒಂದು ತುಂಡು ಕಾಣದಿದ್ದರೆ, ಸಿಕ್ಕಿದ ಚೂರುಗಳನ್ನೆಲ್ಲ ಜೋಡಿಸಿ ಎಷ್ಟು ಕಡಿಮೆ ಇದೆ ನೋಡಿ. ನಾಯಿ ವಾಂತಿ ಮಾಡಿದರೆ, ಊಟ ಬಿಟ್ಟರೆ, ಬೆನ್ನು ಬಗ್ಗಿಸಿ ನಿಂತರೆ, ಹೊಟ್ಟೆ ಮುಟ್ಟಲು ಬಿಡದಿದ್ದರೆ ನಾಳೆಗೆ ಅಂತ ಕಾಯಬೇಡಿ. ಬಾಯಿಂದಲೋ ಹಿಂದಿನಿಂದಲೋ ನೂಲು ಕಂಡರೆ ಎಳೆಯಬೇಡಿ, ಹಾಗೇ ಕರೆತನ್ನಿ. ಬರುವಾಗ ಉಳಿದ ಡಿಸ್ಕನ್ನೂ ಚೀಲದಲ್ಲಿ ಹಾಕಿ ತನ್ನಿ. ರಬ್ಬರ್, ಪ್ಲಾಸ್ಟಿಕ್ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಸರಿಯಾಗಿ ಕಾಣುವುದಿಲ್ಲ. ಏನು ಹುಡುಕಬೇಕು, ಎಷ್ಟು ದೊಡ್ಡದು ಅಂತ ಗೊತ್ತಿದ್ದರೆ ನಮಗೆ ಕೆಲಸ ಬೇಗ ಆಗುತ್ತದೆ.